‘ಸಲ್ಲಿ’: ಕೀರ್ತಿ ಯಾರಿಗೆ ಸಲ್ಲಬೇಕು?

ಈಚೆಗೆ ನಮ್ಮ ಸಂಘದ ಸಭಾಂಗಣದಲ್ಲಿ ‘ಸಲ್ಲಿ’ ಎಂಬ ಇಂಗ್ಲಿಷ್ ಚಿತ್ರವನ್ನು ನೋಡಿದೆವು. ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ಟಾಮ್ ಹ್ಯಾಂಕ್ಸ್ ನಟಿಸಿರುವ 2016ರ ಚಿತ್ರವಿದು. ಮುಗಿದಾಗ ಚಪ್ಪಾಳೆ ಬಿದ್ದಿತು, ನಾವೂ ತಟ್ಟಿದೆವು. ಮನೆಗೆ ಹಿಂತಿರುಗುವಾಗ ಲೋಕಲ್ ಗಾಡಿಯಲ್ಲಿ ಮಾತ್ರ ಒಂದು ಸಂಶಯ ಕಾಡತೊಡಗಿತು.

ಕಥೆ ನಿಜವಾಗಿ ನಡೆದದ್ದು. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದಿಂದ ಮೇಲೇರಿದ ಏರ್‌ಬಸ್ ಎ-320 ವಿಮಾನಕ್ಕೆ ಹೆಬ್ಬಾತುಗಳ ಹಿಂಡು ಬಡಿದು ಎರಡು ಇಂಜಿನುಗಳೂ ಶಕ್ತಿಗುಂದಿದವು. ಕ್ಯಾಪ್ಟನ್ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಒಳಗಿದ್ದ 155 ಮಂದಿಯೂ ಬದುಕಿದರು. ಹ್ಯಾಂಕ್ಸರ ಅಬ್ಬರವಿಲ್ಲದ ಅಭಿನಯವನ್ನು ಮೆಚ್ಚದೆ ವಿಧಿಯಿಲ್ಲ.

ಆದರೆ ನಾಯಕನಿಗೊಬ್ಬ ಖಳ ಬೇಕಲ್ಲ! ಆ ಪಾತ್ರ ತನಿಖಾ ಮಂಡಳಿಗೂ ಅದರ ಗಣಕಯಂತ್ರಕ್ಕೂ ಬಂದಿದೆ. ವಿಮಾನ ನಿಲ್ದಾಣಕ್ಕೆ ಮರಳಬಹುದಿತ್ತೆಂದು ಯಂತ್ರ ಲೆಕ್ಕ ಹೇಳುತ್ತದೆ. ಮನುಷ್ಯನಿಗೆ ಯೋಚಿಸಲು ಬೇಕಾದ ಹೊತ್ತನ್ನೂ ಸೇರಿಸಿರೆಂದು ನಾಯಕ ಕೇಳಿದೊಡನೆ ಆ ಲೆಕ್ಕ ಕುಸಿಯುತ್ತದೆ. ವಾಸ್ತವದಲ್ಲಿ 35 ಸೆಕೆಂಡುಗಳ ವಿಳಂಬವನ್ನು ಸೇರಿಸಿ ಪರೀಕ್ಷಿಸಿದ್ದು ತನಿಖೆಯವರೇ. ನದಿಗಿಳಿಸಿದ ನಿರ್ಧಾರವನ್ನು 2010ರ ವರದಿಯಲ್ಲಿ ಎತ್ತಿಹಿಡಿದವರೂ ಅವರೇ.

ನಮಗೆ ಹೆಚ್ಚಿನ ಕೊರತೆಯೆನಿಸಿದ್ದು ಬೇರೆ. ಈ ವಿಮಾನದಲ್ಲಿ ಚಾಲಕನ ಕೈಗೋಲಿಗೂ ರೆಕ್ಕೆಗಳಿಗೂ ನೇರ ನಂಟಿಲ್ಲ. ಕೋಲಿನ ಅಪ್ಪಣೆ ವಿದ್ಯುತ್ ಸಂಕೇತವಾಗಿ ಗಣಕಯಂತ್ರಕ್ಕೆ ಹೋಗುತ್ತದೆ. ಅದು ಒಪ್ಪಿದಷ್ಟು ನಡೆಯುತ್ತದೆ. ಮೂತಿಯನ್ನು ಅತಿಯಾಗಿ ಎತ್ತಿದರೆ ರೆಕ್ಕೆಗಳಿಗೆ ಗಾಳಿಯ ಆಧಾರ ತಪ್ಪುತ್ತದಷ್ಟೆ. ಯಂತ್ರ ಅದಕ್ಕೆ ಎಡೆಗೊಡುವುದಿಲ್ಲ. ಅಂದು ಕೊನೆಯ ಗಳಿಗೆಯಲ್ಲಿ ಚಾಲಕರು ಕೋಲನ್ನು ಪೂರ್ತಿ ಹಿಂದಕ್ಕೆಳೆದರು. ಯಂತ್ರವು ಆಧಾರ ತಪ್ಪದಂತೆ ಕಾಯಿತು. ಅವರು ಕೇಳಿದಷ್ಟು ಮೂತಿ ಎತ್ತಗೊಡಲೂ ಇಲ್ಲ. ಉಪಕಾರವೂ ತಡೆಯೂ ಒಂದೇ ಕೈಯಿಂದ ಬಂದವು. ಮನುಷ್ಯ-ಯಂತ್ರಗಳ ನಿಜವಾದ ಜಗ್ಗಾಟ ಅಲ್ಲಿತ್ತು. ಚಿತ್ರ ಅತ್ತ ಕಣ್ಣು ಹಾಯಿಸದೆ ವಿಚಾರಣೆಯ ಸಭೆಯಲ್ಲಿ ಗೆಲುವು ಹುಡುಕಿತು.

ಇದನ್ನು ಹೇಳಲು ಮುಂಬಯಿಯ ಕನ್ನಡಿಗರಾದ ನಮಗೊಂದು ಕಾರಣವಿದೆ. 1990ರ ಫೆಬ್ರವರಿ 14ರಂದು ಇಲ್ಲಿಂದ ಬೆಂಗಳೂರಿಗೆ ಹೋದ ಇಂಥದೇ ಎ-320 ನಿಲ್ದಾಣ ಸೇರುವ ಮುನ್ನವೇ ನೆಲಕ್ಕಪ್ಪಳಿಸಿ 92 ಮಂದಿ ಸತ್ತರು. ಇಳಿಯುವಾಗ ಇಂಜಿನುಗಳು ಕನಿಷ್ಠ ಶಕ್ತಿಯ ಕ್ರಮದಲ್ಲಿದ್ದವು. ವೇಗ ಕುಗ್ಗುತ್ತಿದ್ದುದು ಚಾಲಕರ ಗಮನಕ್ಕೆ ಸಕಾಲದಲ್ಲಿ ಬರಲಿಲ್ಲ. ಯಂತ್ರದ ಕಾವಲು ಅಲ್ಲೂ ಇತ್ತು. ಆದರೆ ಇಂಜಿನು ಚೇತರಿಸಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ.

ಕಚೇರಿಯಲ್ಲಿ ನಮ್ಮ ಮೇಜಿಗೂ ಗಣಕಯಂತ್ರ ಬಂದು ಕುಳಿತಿದೆ. ಲೆಕ್ಕ ತಪ್ಪಿದರೆ ಯಂತ್ರದ ದೋಷವೆನ್ನುತ್ತೇವೆ. ಸರಿಹೋದರೆ ನಮ್ಮ ಜಾಣ್ಮೆ! ಚಿತ್ರವೂ ನಮ್ಮ ಈ ಅಭಿಮಾನವನ್ನೇ ನೇವರಿಸಿ ಚಪ್ಪಾಳೆ ಗಿಟ್ಟಿಸಿತು. ಯಾರು ದೊಡ್ಡವರೆಂಬುದಕ್ಕಿಂತ, ಯಂತ್ರ ಈ ಗಳಿಗೆಯಲ್ಲಿ ಏನು ಮಾಡುತ್ತಿದೆಯೆಂಬುದು ಅದರ ಮುಂದೆ ಕುಳಿತವರಿಗೆ ತಿಳಿದಿದೆಯೇ ಎಂಬುದೇ ಮುಖ್ಯ. ಪ್ರಯಾಣಿಕರ ಪ್ರಾಣ ನಿಂತಿರುವುದು ಅದರ ಮೇಲೆ. ಚಿತ್ರವನ್ನು ವಾಚಕರು ಅವಶ್ಯವಾಗಿ ನೋಡಲಿ. ಈ ಪ್ರಶ್ನೆಯನ್ನು ಮಾತ್ರ ಜೊತೆಗೆ ಕೊಂಡೊಯ್ಯಲಿ.