ದತ್ತಾಂಶದ ಕೊರತೆಯೋ, ರಚನೆಯ ಮಿತಿಯೋ? ರಾಯಚೂರು ಸೀಮೆಯ ಕನ್ನಡದ ಇಮ್ಮಡಿ ನಿಷೇಧ

ರಾಯಚೂರು ನಗರ, ದೇವದುರ್ಗ, ಮಾನ್ವಿ ಪರಿಸರದ ಕನ್ನಡವನ್ನು ಗಣಕವು ತಪ್ಪಾಗಿ ಅರ್ಥೈಸಿದಾಗ ದತ್ತಾಂಶದ ಕೊರತೆಯೇ ಕಾರಣವೆನ್ನುವುದು ವಾಡಿಕೆಯಾಗಿದೆ. ಈ ವಿವರಣೆ ಅರ್ಧಸತ್ಯವೆಂಬುದು ನಮ್ಮ ವಾದ. ‘ಬರದೆ’ ಎನ್ನುವಲ್ಲಿ ಉತ್ತರದ ಆಡುಮಾತು ‘ಬರಲಾರದ’ ಎನ್ನುವುದುಂಟು. ಈ ರೂಪವನ್ನು ಕಾಣದ ಗಣಕಕ್ಕೆ ಹೆಚ್ಚಿನ ದತ್ತಾಂಶ ನೆರವಾದೀತು. ಆದರೆ ದತ್ತಾಂಶ ಎಷ್ಟಿದ್ದರೂ ನೀಗದ ಕೊರತೆಯೊಂದಿದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ ಮಾನ್ವಿ, ರಾಯಚೂರು ತಾಲ್ಲೂಕುಗಳಲ್ಲಿದೆ. ಅಲ್ಲಿನ ರೈತರು ಆಡಬಹುದಾದ ನಾಲ್ಕು ವಾಕ್ಯಗಳನ್ನು ಪರಿಶೀಲಿಸೋಣ: ‘ನೀರು ಬಂದಿತ್ತು’, ‘ನೀರು ಬಂದಿರಲಿಲ್ಲ’, ‘ನೀರು ಬರದೆ ಇತ್ತು’, ‘ನೀರು ಬರದೆ ಇರಲಿಲ್ಲ’. ನಿಷೇಧದ ನೆಲೆಗಳು ಎರಡು: ಪ್ರಧಾನ ಕ್ರಿಯೆ ಮತ್ತು ಸಹಾಯಕ ಕ್ರಿಯೆ. ಒಂದರಲ್ಲಿ ಮಾತ್ರ ನಿಷೇಧವಿದ್ದರೆ ನೀರು ಬಂದಿಲ್ಲ. ಎರಡರಲ್ಲೂ ಇದ್ದರೆ ಬಂದಿದೆ.

ಪ್ರತಿ ಗುರುತಿಗೂ ಒಂದು ತೂಕವಿತ್ತು, ಮೊತ್ತವು ಗಡಿಮೌಲ್ಯವನ್ನು ಮೀರಿದರೆ ‘ನಿಷೇಧ’ ಎನ್ನುವ ಒಂಟಿ ಪದರದ ಜಾಲವನ್ನು ಊಹಿಸೋಣ. ಮೊದಲ ವಾಕ್ಯದ ಮೊತ್ತ ಸೊನ್ನೆ. ಅದು ಗಡಿಯನ್ನು ಮೀರಬಾರದಾದ್ದರಿಂದ ಗಡಿಮೌಲ್ಯ ಸೊನ್ನೆಗಿಂತ ಕಡಿಮೆಯಿರದು. ಎರಡನೆಯ, ಮೂರನೆಯ ವಾಕ್ಯಗಳಿಗಾಗಿ ಎರಡೂ ತೂಕಗಳು ಬಿಡಿಬಿಡಿಯಾಗಿಯೇ ಗಡಿಯನ್ನು ಮೀರಬೇಕು. ಆಗ ಅವುಗಳ ಮೊತ್ತವೂ ಮೀರುತ್ತದೆ. ನಾಲ್ಕನೆಯ ವಾಕ್ಯ ನಿಷೇಧವೆಂದೇ ಎಣಿಕೆಯಾಗುತ್ತದೆ. ಯಾವ ತರಬೇತಿಯೂ ಈ ವಿರೋಧವನ್ನು ಪರಿಹರಿಸಲಾರದು.

ಇಂತಹ ಮಿತಿಗಳನ್ನು ಮಿನ್ಸ್ಕಿ ಮತ್ತು ಪೇಪರ್ಟ್ ತಮ್ಮ ‘ಪರ್ಸೆಪ್ಟ್ರಾನ್ಸ್’ (1969) ಗ್ರಂಥದಲ್ಲಿ ಚರ್ಚಿಸಿದ್ದರು. ಅದನ್ನೇ ಆಧಾರವಾಗಿಟ್ಟು ನರಜಾಲಗಳನ್ನೆಲ್ಲ ತಳ್ಳಿಹಾಕುವುದೂ ತಪ್ಪು. ನಡುವೆ ಎರಡು ಘಟಕಗಳ ಪದರವೊಂದನ್ನು ಸೇರಿಸಿದರೆ ಇದೇ ಫಂಕ್ಷನ್ ಸಾಧ್ಯವಾಗುತ್ತದೆ. ‘-ದೆ ಇರಲಿಲ್ಲ’ ಎಂಬುದನ್ನು ಒಂದೇ ಘಟಕವೆಂದು ಗುರುತಿಸಿ ಒಂಟಿ ಪದರಕ್ಕೆ ಒದಗಿಸಿದರೂ ಸಾಕು. ಅಂದರೆ ಇಲ್ಲಿ ನಡುಪದರದ ಕೆಲಸವನ್ನು ವ್ಯಾಕರಣದ ವಿಶ್ಲೇಷಣೆ ನಿರ್ವಹಿಸಬಲ್ಲದು.

ಇಷ್ಟರಿಂದಲೂ ಸಮಸ್ಯೆ ಮುಗಿಯದು. ‘ನೀರು ಬರದೆ ಇರಲಿಲ್ಲ’ ಎಂಬುದು ‘ಬಂದಿತ್ತು’ ಎಂಬುದಕ್ಕೆ ಸಮಾನವಲ್ಲ. ಬಂದರೂ ಸಾಲಲಿಲ್ಲ ಎಂಬ ಧ್ವನಿ ಅದಕ್ಕಿರಬಹುದು. ಫಲಿತವನ್ನು ‘ಹೌದು’, ‘ಇಲ್ಲ’ ಎಂಬ ಎರಡೇ ಮೌಲ್ಯಗಳಿಗೆ ಸೀಮಿತಗೊಳಿಸಿದರೆ ಎಷ್ಟು ಪದರಗಳಿದ್ದರೂ ಆ ಧ್ವನಿಗೆ ಎಡೆಯಿರದು. ಕಾಲುವೆಯ ಕೊನೆಯ ರೈತನ ದೂರು ಇರುವುದು ಅಲ್ಲಿಯೇ. ಆದ್ದರಿಂದ ಒಟ್ಟು ನಿಖರತೆಯ ಶೇಕಡಾವಾರು ಮಾತ್ರ ಸಾಲದು. ಈ ನಾಲ್ಕು ರೂಪಗಳ ಫಲಿತವನ್ನು ಪ್ರತ್ಯೇಕವಾಗಿ ತೋರಿಸಬೇಕು. ದತ್ತಾಂಶ ಸಂಗ್ರಹಕ್ಕೆ ಮುನ್ನವೇ ಗುರುತುಪಟ್ಟಿಯನ್ನು ನಿರ್ಧರಿಸುವ ಭಾಷಾವಿಜ್ಞಾನಿಯ ಹೊಣೆಯೂ ಇಲ್ಲಿದೆ.