ತೊಂಬತ್ತು ಪರ್ಸೆಂಟ್ ಜಾವಾಸ್ಕ್ರಿಪ್ಟ್

ಕೆಲಸ ಹುಡುಕೋ ಹುಡುಗರ ಪೋರ್ಟ್‌ಫೋಲಿಯೋ ವೆಬ್‌ಸೈಟ್ ನೋಡೋದು ಈಗ ನನ್ನ ನೌಕರಿಯ ಒಂದು ಭಾಗವೇ ಆಗಿಬಿಟ್ಟಿದೆ. ಇಂಟರ್‌ವ್ಯೂಗೆ ಮೊದಲು ರೆಸ್ಯೂಮ್ ಜೊತೆ ಒಂದು ಲಿಂಕ್ ಬಂದೇ ಬರ್ತದೆ. ಹತ್ತು ನೋಡಿದರೆ ಒಂದೇ ನೋಡಿದಂಗೆ.

ಕಡುನೀಲಿ ಹಿನ್ನೆಲೆ, ತಿಳಿಹಸಿರು ಅಕ್ಷರ. ಈ ರೂಪ ಬಹುಪಾಲು ಬ್ರಿಟನಿ ಚಿಯಾಂಗ್ ಎಂಬ ಎಂಜಿನಿಯರ್ ತಮಗಾಗಿ ಮಾಡಿಕೊಂಡ ಸೈಟಿನದು. ಅದರ ಕೋಡನ್ನು ಅವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಬಳಸಿದರೆ ನನ್ನ ಹೆಸರು, ಲಿಂಕ್ ಹಾಕಿ ಅಂತಷ್ಟೇ ಕೇಳಿದ್ದಾರೆ. ನಮ್ಮವರು ಮೊದಲು ಅಳಿಸೋದು ಅದೇ ಸಾಲನ್ನು. ನಕಲು ಮಾಡೋದು ದೊಡ್ಡ ತಪ್ಪಲ್ಲ ಬಿಡಿ, ಬ್ಯಾಕೆಂಡ್ ಬರೆಯೋನಿಗೆ ಬಣ್ಣದ ಉಸಾಬರಿ ಯಾಕೆ? ಆದರೆ ಚಿಯಾಂಗ್ ಅವರ ಸೈಟಿನಲ್ಲಿ ಅವರದೇ ಕೆಲಸ ಇದೆ. ಇವುಗಳಲ್ಲಿ ಇರೋದು ಹವಾಮಾನದ ಆ್ಯಪ್, ಟು-ಡೂ ಲಿಸ್ಟ್, ನೆಟ್‌ಫ್ಲಿಕ್ಸ್ ಕ್ಲೋನ್. ಯೂಟ್ಯೂಬ್ ನೋಡಿ ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಗ್ತದೆ.

ಅದರ ಕೆಳಗೆ ಪಟ್ಟಿಗಳು. ಎಚ್‌ಟಿಎಂಎಲ್ 95, ಜಾವಾಸ್ಕ್ರಿಪ್ಟ್ 90, ಪೈಥಾನ್ 80. ಯಾವುದರ 90? ಉಳಿದ 10 ಯಾರ ಹತ್ತಿರ ಇದೆ? ಜಾವಾಸ್ಕ್ರಿಪ್ಟನ್ನು 1995ರಲ್ಲಿ ಹುಟ್ಟಿಸಿದ ಬ್ರೆಂಡನ್ ಐಕ್‌ಗೆ ಹಂಗಾದ್ರೆ ಎಷ್ಟು ಪರ್ಸೆಂಟ್ ಕೊಡೋಣ?

ಹೋದ ವರ್ಷ ಬಂಕಾಪುರದ ನಮ್ಮ ಪರಿಚಯದ ಹುಡುಗನೊಬ್ಬ ಲಿಂಕ್ ಕಳಿಸಿದ. ಬಿಇ ಕೊನೆಯ ವರ್ಷ. "ಅಣ್ಣಾರ, ಹೆಂಗೈತಿ ನೋಡಿ ಹೇಳ್ರಿ" ಅಂದ. ಅದೇ ನೀಲಿ, ಅದೇ ಹಸಿರು, ಅದೇ ಕ್ಲೋನು. ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾ ಬೇರೆ ಏನಾದ್ರೂ ಮಾಡೀಯೇನೋ ಅಂತ ಕೇಳಿದೆ. "ಅಪ್ಪಗ ಒಂದು ಮಾಡಿಕೊಟ್ಟೀನ್ರಿ. ಅದು ಊರಿಂದು, ಬಿಡ್ರಿ" ಅಂದ.

ಬಿಡದೆ ತರಿಸಿಕೊಂಡು ನೋಡಿದೆ. ಅಪ್ಪ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹಾಕ್ತಾರೆ. ಎಷ್ಟು ಚೀಲ, ಯಾವ ಲಾಟ್‌ಗೆ ಯಾವ ದರ ಬಂತು, ಹಮಾಲಿ, ಗಾಡಿ ಬಾಡಿಗೆ ಕಳೆದು ಕೈಗೆ ಬಂದ ರೊಕ್ಕ ಎಷ್ಟು, ಎಲ್ಲಾ ಡೈರಿಯಲ್ಲಿ ಬರೆದಿಡ್ತಿದ್ದರು. ಹುಡುಗ ಅದನ್ನ ಫೋನಿಗೆ ತಂದಿದ್ದಾನೆ, ಪೂರ್ತಿ ಕನ್ನಡದಲ್ಲಿ. ಹೊಲದಲ್ಲಿ ನೆಟ್‌ವರ್ಕ್ ಸಿಗೋದಿಲ್ಲ ಅಂತ ಲೆಕ್ಕ ಮೊದಲು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದ ಮೇಲೆ ಸರ್ವರ್‌ಗೆ ಹೋಗೋ ಹಂಗೆ ಮಾಡಿದ್ದಾನೆ. ಅಪ್ಪ ಒಮ್ಮೆ ಬ್ಯಾಡಗಿ ಅಂತ ಬರೀತಾರೆ, ಒಮ್ಮೆ ಬ್ಯಾಡ್ಗಿ ಅಂತ. ಕಣ್ಣಿಗೆ ಅದು ಒಂದೇ ಊರು. ನಡುವೆ ಒಂದು ಹಲಂತ ಬಂದು ಕೂತಿದ್ದಕ್ಕೆ ಕಂಪ್ಯೂಟರಿಗೆ ಎರಡು. ಹಾಗಾಗಿ ಹುಡುಕುವಾಗ ಹಲಂತ ಬಿಟ್ಟು ಹೋಲಿಸೋ ಹಂಗೆ ಬರೆದಿದ್ದಾನೆ. ಇದರಿಂದ ಬೇರೆ ಬೇರೆ ಪದ ಒಂದೇ ಆಗಿ ಕಲಸಿಹೋಗೋದಿಲ್ಲವೇನೋ ಅಂದೆ. "ಆಗ್ತಾವ್ರಿ, ಆದ್ರ ಅಪ್ಪ ಹಾಕೋದು ಮೂರು ಪೇಟಿಗಷ್ಟ" ಅಂದ. ಇಂಥ ಉತ್ತರಕ್ಕಾಗಿಯೇ ನಾವು ಇಂಟರ್‌ವ್ಯೂನಲ್ಲಿ ಗಂಟೆಗಟ್ಟಲೆ ಕೂರೋದು. ಏನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಇವನಿಗೆ ಗೊತ್ತಿದೆ. ನೆಟ್‌ಫ್ಲಿಕ್ಸ್ ಕ್ಲೋನಿನ ಬಗ್ಗೆ ಇಂಥ ಒಂದು ಪ್ರಶ್ನೆ ಕೇಳಿದರೂ ಮುಂದೆ ಮಾತಿಲ್ಲ.

ಅಂಥದ್ದನ್ನು ಬಚ್ಚಿಟ್ಟಿದ್ದ. ಈ ಟೆಂಪ್ಲೇಟುಗಳ ಮೇಲೆ ನನಗಿರೋ ನಿಜವಾದ ಸಿಟ್ಟು ಇದು. ಕನ್ನಡ, ಮೆಣಸಿನಕಾಯಿ, ಅಪ್ಪನ ಲೆಕ್ಕ ಇವಕ್ಕೆ ಅಲ್ಲಿ ಖಾನೆಯೇ ಇಲ್ಲ ಅಂತ ಹುಡುಗರು ತಾವೇ ತಿಳ್ಕೊಳ್ತಾರೆ. ಸಾವಿರಾರು ಜನ ಹಾಕಿದ್ದನ್ನೇ ಹಾಕಿದರೆ ಸುರಕ್ಷಿತ ಅನ್ಸುತ್ತೆ. ಶಿಗ್ಗಾಂವಿ, ಸವಣೂರು ಕಡೆಯಿಂದ ಬಂದೋರಿಗೆ ಆ ಅಳುಕು ಇನ್ನೂ ಒಂದು ಕೈ ಜಾಸ್ತಿ. ಇಂಗ್ಲಿಷ್ ಬೇಡ ಅಂತಿಲ್ಲ; ವಿವರಣೆ ಇಂಗ್ಲಿಷಿನಲ್ಲೇ ಇರಬೇಕು, ಓದೋರು ಎಲ್ಲಿಯವರೋ ಏನೋ.

ಹೊಗಳಿಕೊಳ್ಳೋದಕ್ಕೂ ನನ್ನ ತಕರಾರಿಲ್ಲ. ಹಿರೇಕೆರೂರು ದಾಟಿದರೆ ಸಿಗೋ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿಗೆ ಹೋಗಿ ಕೆಲಸ ಮಾಡಿದವರು. 1117ರ ಆ ಗುಡಿಯಲ್ಲಿ ಅವರ ಹೆಸರು ಇವತ್ತಿಗೂ ಓದಬಹುದು. ಅಲ್ಲಿನ ಶಿಲ್ಪಿಗಳು ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ, ಸಂಕೋಚವೇನೂ ಪಟ್ಟಿಲ್ಲ. ಆದರೆ ಹೆಸರು ಇರೋದು ಮದನಿಕೆಯ ಪಾದದ ಕೆಳಗೆ. ಮೇಲೆ ಮೂರ್ತಿ ಇದೆ, ನೋಡಿಕೊಳ್ಳಬಹುದು. ಬರೀ ಬಿರುದಿನ ಕಲ್ಲು ನಿಲ್ಲಿಸಿ ಹೋಗಿಲ್ಲ.

ಹುಡುಗನಿಗೆ ಹೇಳಿದ್ದು ಇಷ್ಟೇ. ಕ್ಲೋನ್ ತೆಗಿ, ಅಪ್ಪನ ಲೆಕ್ಕದ ಪುಸ್ತಕ ಮೇಲೆ ಹಾಕು. ಒತ್ತಿದರೆ ತೆರೀಬೇಕು, ನಿಜವಾದ ರೊಕ್ಕದ ಲೆಕ್ಕ ಬೇಡ, ಸುಳ್ಳು ಅಂಕಿ ತುಂಬಿ ತೋರಿಸು. ಹಲಂತದ ಕತೆ ನಾಲ್ಕು ಸಾಲು ಬರಿ. ಗಿಟ್‌ಹಬ್ ಪೇಜಸ್ ಪುಕ್ಕಟೆ ಇದೆ, ಸ್ವಂತ ಡೊಮೇನ್ ಆಮೇಲೆ ನೋಡ್ಕೊಂಡರಾಯ್ತು. ಚಿಯಾಂಗ್ ಹೆಸರು ವಾಪಸ್ ಹಾಕು.

ಎಲ್ಲಾ ಮಾಡಿದ್ದಾನೆ. ಪರ್ಸೆಂಟಿನ ಪಟ್ಟಿ ಮಾತ್ರ ಇನ್ನೂ ಅಲ್ಲೇ ಇವೆ. ತೆಗಿಯೋ ಅಂದ್ರೆ "ಚಂದ ಕಾಣ್ತಾವಲ್ರಿ ಅಣ್ಣಾರ" ಅಂತಾನೆ.