ಕೊರಿಯನ್ ಚಲನಚಿತ್ರಗಳ ವಿಡಿಯೋ ಸಂಗ್ರಹ: ಪಠ್ಯ, ಪಾಠಾಂತರ ಮತ್ತು ಪ್ರದರ್ಶನ

ಸಂಗ್ರಹಕಾರ್ಯವು ಅಧ್ಯಯನಕ್ಕೆ ಪೂರ್ವಸಿದ್ಧತೆ ಮಾತ್ರ ಎಂಬ ತಿಳಿವಳಿಕೆ ಜಾನಪದ ಕ್ಷೇತ್ರದಲ್ಲಿ ಬಹುಕಾಲ ಬೇರೂರಿತ್ತು. ಯಾವುದನ್ನು ಆಯ್ದುಕೊಳ್ಳಬೇಕು, ಯಾವ ಹೆಸರಿನಲ್ಲಿ ಪ್ರಕಟಿಸಬೇಕು, ಏನನ್ನು ಕೈಬಿಡಬೇಕು ಎಂಬ ತೀರ್ಮಾನಗಳೇ ಪಠ್ಯವನ್ನು ರೂಪಿಸುತ್ತವೆ ಎಂಬ ಅರಿವು ಮೂಡಿದ್ದು ಅನಂತರ. ಕೊರಿಯಾದ ಚಲನಚಿತ್ರಗಳು ಡಿವಿಡಿಗಳ ಮೂಲಕ ಹೊರಜಗತ್ತಿನ ಮನೆಗಳನ್ನು ತಲುಪಿದ ಬಗೆಯನ್ನು ಈ ಅರಿವಿನ ಬೆಳಕಿನಲ್ಲಿ ಪರಿಶೀಲಿಸಿದರೆ, ಅಲ್ಲಿಯೂ ಸಂಗ್ರಹಕಾರನೇ ಪಠ್ಯದ ಅರ್ಧ ಕರ್ತೃವಾಗಿರುವುದು ಕಂಡುಬರುತ್ತದೆ.

2000ದ ದಶಕದ ಆರಂಭದಲ್ಲಿ ಈ ಸಂಗ್ರಹ ಸುಲಭಸಾಧ್ಯವಾಗಿರಲಿಲ್ಲ. ಡಿವಿಡಿ ಉದ್ಯಮವು ಜಗತ್ತನ್ನು ವಲಯಗಳಾಗಿ ವಿಂಗಡಿಸಿತ್ತು. ಕೊರಿಯಾ 3ನೆಯ ವಲಯದಲ್ಲಿ, ಅಮೆರಿಕ 1ರಲ್ಲಿ, ಬ್ರಿಟನ್ 2ರಲ್ಲಿ, ಭಾರತ 5ರಲ್ಲಿ ಇದ್ದವು. ಸೋಲ್ ನಗರದಲ್ಲಿ ಮಾರಾಟವಾಗುತ್ತಿದ್ದ ಅನೇಕ ಡಿಸ್ಕುಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದ್ದರೂ ಅವುಗಳನ್ನು ನೋಡಲು ಎಲ್ಲ ವಲಯಗಳ ಡಿಸ್ಕುಗಳನ್ನೂ ಓದಬಲ್ಲ ಯಂತ್ರ ಬೇಕಾಗುತ್ತಿತ್ತು. ಆ ಶ್ರಮಕ್ಕೆ ಸಿದ್ಧರಿಲ್ಲದವರಿಗೆ ಪಾಶ್ಚಾತ್ಯ ವಿತರಕರು ಆಯ್ದುಕೊಟ್ಟದ್ದೇ ಕೊರಿಯನ್ ಸಿನಿಮಾ. ಇಂಥ ವಿತರಕರಲ್ಲಿ ಬ್ರಿಟನ್ನಿನ ಟಾರ್ಟನ್ ಸಂಸ್ಥೆಯು ಪ್ರಮುಖವಾದುದು. 2008ರಲ್ಲಿ ಮುಚ್ಚಿಹೋದ ಈ ಸಂಸ್ಥೆ ‘ಏಷ್ಯಾ ಎಕ್ಸ್‌ಟ್ರೀಮ್’ ಎಂಬ ಮಾಲಿಕೆಯಲ್ಲಿ ಜಪಾನ್, ಹಾಂಗ್‌ಕಾಂಗ್, ಕೊರಿಯಾಗಳ ಚಿತ್ರಗಳನ್ನು ಒಂದೇ ಹಣೆಪಟ್ಟಿಯಡಿ ಮಾರಿತು. ಹಿಂಸೆ ಮತ್ತು ಭಯ ಆ ಹಣೆಪಟ್ಟಿಯ ಅರ್ಥವಾಗಿದ್ದವು.

ಈ ಮಾಲಿಕೆಯಲ್ಲಿ ಬಂದ ಕಿಮ್ ಜೀ-ಊನ್ ಅವರ 2003ರ ಚಿತ್ರವೊಂದು ಜಾನಪದ ವಿದ್ಯಾರ್ಥಿಯ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹೊರದೇಶಗಳಲ್ಲಿ ಅದು ‘ಎ ಟೇಲ್ ಆಫ್ ಟೂ ಸಿಸ್ಟರ್ಸ್’. ಕೊರಿಯಾದಲ್ಲಿ ‘ಜಾಂಗ್‌ಹ್ವಾ, ಹೊಂಗ್ರ್ಯೋನ್’. ಗುಲಾಬಿ ಮತ್ತು ಕೆಂದಾವರೆ ಎಂಬ ಅರ್ಥದ ಈ ಎರಡು ಹೆಸರುಗಳು ಅಲ್ಲಿನ ಪ್ರಸಿದ್ಧ ಮಲತಾಯಿ ಕಥೆಯ ಅಕ್ಕತಂಗಿಯರವು. ಮಲತಾಯಿ ಚರ್ಮ ಸುಲಿದ ಇಲಿಯನ್ನು ಹಾಸಿಗೆಯಲ್ಲಿಟ್ಟು ಜಾಂಗ್‌ಹ್ವಾಗೆ ಗರ್ಭಪಾತವಾಯಿತೆಂಬ ಅಪವಾದ ಹೊರಿಸುತ್ತಾಳೆ. ಅಕ್ಕ ನೀರುಪಾಲಾಗುತ್ತಾಳೆ, ತಂಗಿಯೂ ಅವಳ ಹಾದಿ ಹಿಡಿಯುತ್ತಾಳೆ. ನ್ಯಾಯ ಬೇಡಿ ಬಂದ ಪ್ರೇತಗಳನ್ನು ಕಂಡು ಊರಿನ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಅಂಜಿ ಸಾಯುತ್ತಾರೆ. ಕೊನೆಗೊಬ್ಬ ಧೈರ್ಯವಂತ ಅವರ ಮಾತಿಗೆ ಕಿವಿಗೊಡುತ್ತಾನೆ. 1924ರ ಮೂಕಿಚಿತ್ರದಿಂದ ಮೊದಲ್ಗೊಂಡು ಈ ಕಥೆ ಹಲವು ಬಾರಿ ತೆರೆಗೆ ಬಂದಿದೆ.

ಕಿಮ್ ಅವರ ಚಿತ್ರದಲ್ಲಿ ಸೋದರಿಯರ ಹೆಸರು ಸು-ಮಿ, ಸು-ಯೋನ್. ಹಳೆಯ ಹೆಸರುಗಳು ಉಳಿದಿರುವುದು ಶೀರ್ಷಿಕೆಯಲ್ಲಿ ಮಾತ್ರ. ಆ ಶೀರ್ಷಿಕೆಯನ್ನು ಓದಿ ಒಳಬರುವ ಕೊರಿಯನ್ ಪ್ರೇಕ್ಷಕ ಮಲತಾಯಿಯೇ ಅಪರಾಧಿ ಎಂಬ ಪೂರ್ವಗ್ರಹವನ್ನು ಹೊತ್ತೇ ಕೂರುತ್ತಾನೆ. ಚಿತ್ರವು ಒಡೆಯುವುದು ಆ ಪೂರ್ವಗ್ರಹವನ್ನು. ಡಿಸ್ಕಿನ ಹೊದಿಕೆಯ ಮೇಲೆ ಹೆಸರು ಬದಲಾದೊಡನೆ ಪಾಠಾಂತರವೊಂದು ಸ್ವತಂತ್ರ ಭಯಾನಕ ಕಥೆಯಾಗಿ ಮಾರ್ಪಟ್ಟಿತು. 2009ರ ಹಾಲಿವುಡ್ ಮರುನಿರ್ಮಾಣವು ಹುಟ್ಟಿದ್ದು ಈ ಬೇರು ಕಡಿದ ರೂಪದಿಂದಲೇ ಎಂದು ಊಹಿಸಬಹುದು. ಅನುವಾದದ ಅನಿವಾರ್ಯತೆ ಎಂದು ಇದನ್ನು ಕ್ಷಮಿಸುವುದು ಕಷ್ಟ. ಹೊದಿಕೆಯ ಹಿಂಬದಿಯಲ್ಲಿ ಎರಡು ಹೆಸರುಗಳಿಗೆ ಸ್ಥಳವಿರಲಿಲ್ಲವೆಂದಲ್ಲ.

ಸಬ್‌ಟೈಟಲ್‌ನ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಕಿಮ್ ಕಿ-ಯಂಗ್ ಅವರ 1960ರ ‘ಹಾನ್ಯೊ’, ಅಂದರೆ ‘ಮನೆಗೆಲಸದವಳು’, ಇಂದು ಕೊರಿಯಾದ ಶ್ರೇಷ್ಠ ಚಿತ್ರಗಳಲ್ಲಿ ಗಣಿತವಾಗಿದೆ. 1982ರಲ್ಲಿ ಅದರ ಮೂಲ ನೆಗೆಟಿವ್ ದೊರೆತಾಗ 5 ಮತ್ತು 8ನೆಯ ರೀಲುಗಳು ಇರಲಿಲ್ಲ. 1990ರಲ್ಲಿ ಪ್ರದರ್ಶನ ಪ್ರತಿಯೊಂದು ಸಿಕ್ಕಿ ಆ ಕೊರತೆ ತುಂಬಿತು. ಆದರೆ ಅದರ ಮೇಲೆ ಕೈಬರಹದ ಇಂಗ್ಲಿಷ್ ಸಬ್‌ಟೈಟಲ್‌ಗಳಿದ್ದು, ಅವು ಚೌಕಟ್ಟಿನ ಸುಮಾರು ಅರ್ಧಭಾಗವನ್ನು ಆವರಿಸಿದ್ದವು. ಕೊರಿಯನ್ ಫಿಲ್ಮ್ ಆರ್ಕೈವ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಫೌಂಡೇಶನ್ 2008ರಲ್ಲಿ ಕೈಗೊಂಡ ಪುನರುದ್ಧಾರದಲ್ಲಿ ಆ ಅಕ್ಷರಗಳನ್ನು ಗಣಕಯಂತ್ರದ ನೆರವಿನಿಂದ ಅಳಿಸಲಾಯಿತು. ಅದೇ ವರ್ಷ ಕಾನ್ ಉತ್ಸವದಲ್ಲಿ ಪ್ರದರ್ಶಿತವಾದ ಈ ರೂಪವು ಬಳಿಕ ಡಿಸ್ಕಾಗಿ ಮನೆಗಳಿಗೆ ಬಂತು.

ಪುನರುದ್ಧಾರದ ಸಾಧನೆ ನಿರ್ವಿವಾದ. ಆದರೂ ಜಾನಪದ ದೃಷ್ಟಿಯಿಂದ ಒಂದು ಮಾತು ಉಳಿಯುತ್ತದೆ. ಕಾಣೆಯಾದ ಆ ರೀಲುಗಳು ನಮಗೆ ದಕ್ಕಿರುವುದು ಇಂಗ್ಲಿಷ್ ಬಲ್ಲವರಿಗಾಗಿ ಯಾರೋ ಕೈಯಿಂದ ಬರೆಸಿದ ಪ್ರತಿಯ ಮೂಲಕ. ಆ ಅಕ್ಷರಗಳು ಕೃತಿಗೆ ಅಂಟಿದ ಕೊಳೆಯಷ್ಟೇ ಅಲ್ಲ, ಅದನ್ನು ದಾಟಿಸಿದವರ ಗುರುತು. ವಕ್ತೃವಿನ ಹೆಸರನ್ನು ಬಿಟ್ಟು ಹಾಡನ್ನು ಮಾತ್ರ ಅಚ್ಚು ಹಾಕಿದ ಹಳೆಯ ಸಂಕಲನಗಳ ಬಗ್ಗೆ ಎತ್ತುವ ಆಕ್ಷೇಪವನ್ನು ಇಲ್ಲಿಯೂ ಎತ್ತಬಹುದು. ಶುದ್ಧಗೊಳಿಸಿದ ರೂಪದ ಜೊತೆಗೆ ಅಕ್ಷರಸಹಿತವಾದ ರೀಲುಗಳೂ ಸಂಶೋಧಕರ ಕೈಗೆ ಸಿಗುವಂತಿರಬೇಕು.

ಸಂಗ್ರಹದ ಇನ್ನೊಂದು ಮುಖ ಬಚ್ಚಿಡುವಿಕೆ. ನಾ ಉನ್-ಗ್ಯು ಅವರ 1926ರ ‘ಆರಿರಾಂಗ್’ ಜನಪದ ಗೀತೆಯ ಹೆಸರು ಹೊತ್ತ, ಇಂದು ಅಲಭ್ಯವಾದ ಮೂಕಿಚಿತ್ರ. ಜಪಾನಿನ ಸಂಗ್ರಾಹಕರೊಬ್ಬರು ಅದು ತಮ್ಮಲ್ಲಿದೆಯೆಂದು ಬಹುಕಾಲ ಹೇಳಿಕೊಂಡಿದ್ದರು; 2005ರಲ್ಲಿ ಅವರು ನಿಧನರಾದ ಮೇಲೆ ಚಿತ್ರ ಅಲ್ಲಿ ದೊರೆಯಲಿಲ್ಲ. ಅದೇ ಸುಮಾರಿಗೆ ಚೀನಾದ ಚಲನಚಿತ್ರ ಸಂಗ್ರಹಾಲಯದಲ್ಲಿ ವಸಾಹತು ಕಾಲದ ಹಲವು ಕೊರಿಯನ್ ಚಿತ್ರಗಳು ಪತ್ತೆಯಾಗಿ, 2007ರಿಂದ ‘ಅಗೆದು ತೆಗೆದ ಗತಕಾಲ’ ಎಂಬರ್ಥದ ಹೆಸರಿನಲ್ಲಿ ಡಿವಿಡಿಗಳಾಗಿ ಪ್ರಕಟವಾದವು. ಜಪಾನಿ ಸೈನ್ಯಕ್ಕೆ ಸೇರುವುದನ್ನು ಕೊಂಡಾಡುವ ‘ಸ್ವಯಂಸೈನಿಕ’ನಂಥ (1941) ಮುಜುಗರದ ಚಿತ್ರವನ್ನೂ ಆ ಸಂಪುಟ ಕೈಬಿಡಲಿಲ್ಲ. ಪ್ರಾಮಾಣಿಕ ಸಂಗ್ರಹಕ್ಕೆ ಇದು ಒಳ್ಳೆಯ ನಿದರ್ಶನ.

ಡಿಸ್ಕು ಹಿಡಿಯಲಾರದ ಅಂಶವೊಂದಿದೆ, ಅದು ಪ್ರದರ್ಶನ. 2007ರಲ್ಲಿ ದೊರೆತ ‘ತಾರುಣ್ಯದ ಕೂಡುದಾರಿ’ 1934ರ ಮೂಕಿಚಿತ್ರ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದೂ ಅದೇ ವರ್ಷ. ಅದರ ಪ್ರತಿ ಉಳಿದಿಲ್ಲ. ಕೊರಿಯಾದ ಮೂಕಿಚಿತ್ರಗಳು ಮೂಕವಾಗಿರಲಿಲ್ಲ. ಬ್ಯೊನ್ಸಾ ಎಂಬ ಕಥನಕಾರ ತೆರೆಯ ಬದಿಯಲ್ಲಿ ನಿಂತು ಎಲ್ಲ ಪಾತ್ರಗಳಿಗೂ ದನಿಯಾಗುತ್ತಿದ್ದ. 2008ರಿಂದ ಈ ಚಿತ್ರವನ್ನು ಬ್ಯೊನ್ಸಾ ಮತ್ತು ವಾದ್ಯಮೇಳದೊಡನೆ ಪ್ರದರ್ಶಿಸಲಾಗಿದ್ದು, ನಿರೂಪಣೆಯನ್ನು ಹೊಸದಾಗಿ ರಚಿಸಿಕೊಳ್ಳಬೇಕಾಯಿತು. ಇಮ್ ಕ್ವಾನ್-ತೇಕ್ ಅವರ ‘ಚುನ್ಹ್ಯಾಂಗ್’ (2000) ಪಾನ್ಸೊರಿ ಗಾಯಕನನ್ನೂ ಅವನ ಸಭಿಕರನ್ನೂ ಚಿತ್ರದೊಳಕ್ಕೇ ತಂದು ಈ ಕೊರತೆಗೆ ಬೇರೊಂದು ಉತ್ತರ ಕಂಡುಕೊಂಡಿತು. ಹಾಡಿನ ನಡುವೆ ಸಭಿಕರು ಹಾಕುವ ಚುಯಿಮ್ಸೆಯ ಉದ್ಗಾರಗಳು ನಮ್ಮ ಕಥೆ ಕೇಳುವವರ ಹೂಂಗುಟ್ಟುವಿಕೆಗೆ ಸಮೀಪವಾದವು. ಸಬ್‌ಟೈಟಲ್ ಕಥೆಯನ್ನು ತಿಳಿಸಬಲ್ಲದು, ಆ ಉದ್ಗಾರದ ಸಮಯಪ್ರಜ್ಞೆಯನ್ನಲ್ಲ.

2012ರಲ್ಲಿ ಕೊರಿಯನ್ ಫಿಲ್ಮ್ ಆರ್ಕೈವ್ ತನ್ನ ಹಳೆಯ ಚಿತ್ರಗಳನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ತೆರೆದಿಟ್ಟ ಮೇಲೆ ವಲಯದ ಅಡೆತಡೆಗೆ ಅರ್ಥ ಉಳಿಯಲಿಲ್ಲ. ಆದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ಚಿತ್ರಕ್ಕೆ ಒಂದು ರೂಪ. ಒಂದೇ ಚಿತ್ರದ ಸೋಲ್, ಲಂಡನ್, ನ್ಯೂಯಾರ್ಕ್ ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಸರು, ಹೊದಿಕೆ, ಅನುವಾದಗಳನ್ನು ಹೋಲಿಸುವ ಅವಕಾಶ ಇರುವುದು ಹಳೆಯ ಡಿಸ್ಕುಗಳ ಕಪಾಟಿನಲ್ಲಿಯೇ. ಗ್ರಂಥಾಲಯಗಳು ಇವನ್ನು ನಕಲು ಪ್ರತಿಗಳೆಂದು ವಿಲೇವಾರಿ ಮಾಡದೆ ಪಾಠಾಂತರಗಳೆಂದು ಪ್ರತ್ಯೇಕವಾಗಿ ನಮೂದಿಸಬೇಕು. ಪ್ರತಿ ನಮೂದಿನಲ್ಲಿ ಮೂಲ ಕೊರಿಯನ್ ಶೀರ್ಷಿಕೆಯೂ ಇರಬೇಕು.